ಕಂಬಿ ಕಂಡ ಮಾತ್ರಕ್ಕೆ ಮನೆ ಕೆಡವಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಂದೆ 1986ರಲ್ಲಿ ಕಟ್ಟಿಸಿದ ಮನೆ ಇದೆ. ಒಂದೇ ಅಂತಸ್ತು, ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ. ಹಿಂದಿನ ರೂಮಿನ ಸೀಲಿಂಗಿನಲ್ಲಿ ಗಾರೆ ಉದುರಿ ಕಂಬಿ ಕಾಣ್ತಿದೆ. ಎರಡು ಸಲ ಸಿಮೆಂಟ್ ಮೆತ್ತಿಸಿದರೂ ಮತ್ತೆ ಬಿತ್ತು. ‘ಇದರ ಆಯಸ್ಸು ಮುಗೀತು, ಕೆಡವಿ ಹೊಸದು ಕಟ್ಟಿ’ ಅಂತಾರೆ ಕಂಟ್ರಾಕ್ಟರು. ನಿಜವಾ ಸರ್?

ಉತ್ತರ: ಹೊಸ ಮನೆ ಕಟ್ಟುವವರನ್ನು ಕೇಳಿದರೆ ಇನ್ನೇನು ಹೇಳುತ್ತಾರೆ! ಒಳ್ಳೆಯ ಆರ್‌ಸಿಸಿ ಮನೆಗೆ 40 ವರ್ಷ ಮುಪ್ಪೇನಲ್ಲ. ನಿಮ್ಮ ಒಂದು ರೂಮಿಗೆ ಕಾಯಿಲೆ ಬಂದಿದೆ, ಅಷ್ಟೇ ಇರಬಹುದು.

ಕಾಂಕ್ರೀಟಿನ ಕ್ಷಾರ ಗುಣ ಒಳಗಿನ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಆ ಗುಣವನ್ನು ಕಳೆಯುತ್ತದೆ. ಜೊತೆಗೆ ಮೇಲಿಂದ ನೀರೂ ಜಿನುಗಿದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಾದರೂ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳಿ ಬೀಳಿಸುತ್ತದೆ. ತಾರಸಿಯ ಕಂಬಿಗೆ ಕೆಳಗಿಂದ ಕನಿಷ್ಠ 20 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು. ಎಷ್ಟೋ ಕಡೆ ಕಂಬಿಯನ್ನು ಎತ್ತಿ ಹಿಡಿಯುವ ಪುಟ್ಟ ಕವರ್ ಬ್ಲಾಕ್ ಇಡದೆ ಅದನ್ನು ಸೆಂಟ್ರಿಂಗ್ ಹಲಗೆಯ ಮೇಲೆ ಸುಮ್ನೆ ಹಾಸಿಬಿಡುತ್ತಿದ್ದರು. ತುಕ್ಕಿನ ಮೇಲೆ ಸಿಮೆಂಟ್ ಮೆತ್ತಿದರೆ ಬೀಳದೆ ಇನ್ನೇನು?

ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅವರು ಅಲ್ಲಲ್ಲಿ ಕಾಂಕ್ರೀಟ್ ಚೂರು ಕಿತ್ತು, ಆ ಹೊಸ ಮೈಗೆ ಕ್ಷಾರ ಇದ್ದರೆ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದ ಕಡೆ ಕಾಂಕ್ರೀಟ್ ಇನ್ನೂ ಕಂಬಿಯನ್ನು ಕಾಯುತ್ತಿದೆ, ಬಣ್ಣ ಬರದ ಕಡೆ ಕೈಬಿಟ್ಟಿದೆ. ಕಾಯಿಲೆ ಆ ರೂಮಿಗಷ್ಟೇ ಇದ್ದರೆ ತಾರಸಿಗೆ ಕೆಳಗಿಂದ ಜಾಕ್ ಆಸರೆ ಕೊಟ್ಟು, ಸಡಿಲವಾದದ್ದನ್ನು ಕಂಬಿಯ ಹಿಂದಿನವರೆಗೂ ಕೆತ್ತಿ, ತುಕ್ಕು ಪೂರ್ತಿ ಉಜ್ಜಬೇಕು. ಸವೆದ ಕಂಬಿಗೆ ಜೊತೆ ಕಂಬಿ ಕೊಟ್ಟು, ತುಕ್ಕು ತಡೆಯುವ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಬೇಕು. ಅದಕ್ಕೂ ಮೊದಲು ಮೇಲಿನ ನೀರು ನಿಲ್ಲಿಸಿ. ತಾರಸಿಯ ಇಳಿಜಾರು ನೋಡಿ. ಸಾವಿರ ಲೀಟರಿನ ಟ್ಯಾಂಕ್ ಆ ರೂಮಿನ ಮೇಲೇ ಕೂತಿದೆಯಾ? ತುಂಬಿದಾಗ ಅದು ಒಂದು ಟನ್ ಭಾರ!

ತಾರಸಿಯ ಬಹುಭಾಗದಲ್ಲಿ ಕಂಬಿ ಸವೆದಿದ್ದರೆ, ತಾರಸಿ ಜೋತಿದ್ದರೆ, ಗೋಡೆಯ ಓರೆ ಬಿರುಕು ಬೆಳೆಯುತ್ತಿದ್ದರೆ ಮಾತು ಬೇರೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ, ಬೆಳೆದರೆ ಗೊತ್ತಾಗುತ್ತದೆ.

ಎಷ್ಟೋ ಕಟ್ಟಡ ಬೀಳುವುದು ಮೈ ಸೋತು ಅಲ್ಲ, ‘ಇನ್ನು ಬೇಡ’ ಅನ್ನಿಸಿಕೊಂಡು. ಬೆಂಗಳೂರಿನ ಅಠಾರಾ ಕಚೇರಿ, ಅಂದರೆ ಸರ್ಕಾರದ ಹದಿನೆಂಟು ಇಲಾಖೆಗಳಿದ್ದ ಕೆಂಪು ಕಟ್ಟಡ, 1868ರಲ್ಲಿ ಮುಗಿದದ್ದು. 1956ರಲ್ಲಿ ವಿಧಾನಸೌಧ ಎದ್ದು ಇಲ್ಲಿದ್ದ ಇಲಾಖೆಗಳು ಅಲ್ಲಿಗೆ ಹೋದವು. 1980ರ ದಶಕದಲ್ಲಿ ಈ ಹಳೆಯ ಕಟ್ಟಡವನ್ನು ಕೆಡವುವ ಮಾತೂ ಬಂತು, ಜನ ತಡೆದರು. ಇವತ್ತಿಗೂ ಇದರಲ್ಲಿ ಹೈಕೋರ್ಟ್ ನಡೆಯುತ್ತಿದೆ.

ನಿಮ್ಮ ಮನೆಯಲ್ಲೂ ಗೋಡೆಗಿಂತ ಮೊದಲು ಹಳೆಯದಾಗಿರುವುದು ವೈರು, ಪೈಪು. ಎಸಿ, ಗೀಸರ್ ಹೊರುವಂತೆ ಹೊಸ ವೈರಿಂಗ್ ಮಾಡಿಸಿ, ಅರ್ಥಿಂಗ್ ಸರಿಪಡಿಸಿ. ಹೊಸ ಪೈಪನ್ನು ಗೋಡೆಯೊಳಗೆ ಹೂಳಬೇಡಿ, ಹೊರಗೇ ಓಡಿಸಿ. ನೋಡೋಕೆ ಅಷ್ಟು ಚೆನ್ನಾಗಿರಲ್ಲ, ಆದರೆ ಮುಂದಿನ ಸಲ ಗೋಡೆ ಒಡೆಯೋದು ತಪ್ಪುತ್ತದೆ. ಹಾಲ್ ದೊಡ್ಡದು ಮಾಡ್ತೀವಿ ಅಂತ ಮಧ್ಯದ ಗೋಡೆ ಮಾತ್ರ ತೆಗೆಸಬೇಡಿ. ಇಂಥ ಮನೆಯಲ್ಲಿ ತಾರಸಿಯನ್ನು ಹೊತ್ತಿರುವುದೇ ಗೋಡೆ.

ಹಾಗೇ ಪ್ಯಾರಪೆಟ್ ಸಂದಿಯಲ್ಲಿ ಪುಟ್ಟ ಅರಳಿ ಗಿಡ ಇದೆಯಾ ನೋಡಿ. ಇದ್ದರೆ ಕತ್ತರಿಸಿ ಬಿಟ್ಟರೆ ಸಾಲದು, ಬೇರು ಸಮೇತ ತೆಗೆಸಿ.