ಓದುಗರ ಪ್ರಶ್ನೆ: ಎಂಡ್‌ಗೇಮ್ ಸ್ಟಡಿ ಬಿಡಿಸಿದರೆ ಆಟ ಸುಧಾರಿಸುತ್ತದೆಯೇ?

ಪ್ರಶ್ನೆ: ಬಿಡುವಾದಾಗಲೆಲ್ಲ ಚೆಸ್ ಎಂಡ್‌ಗೇಮ್ ಸ್ಟಡಿಗಳನ್ನು, ಅಂದರೆ ಕೆಲವೇ ಕಾಯಿಗಳು ಉಳಿದ ಕೊನೆಯ ಹಂತದ ಮೇಲೆ ರಚಿಸಿದ ಒಗಟುಗಳನ್ನು, ಬಿಡಿಸಲು ಕೂರುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಹೊಳೆಯದಿದ್ದರೆ ಮೊಬೈಲಿನಲ್ಲಿ ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶವಾದ ಎಂಜಿನ್‌ನಲ್ಲಿ ಉತ್ತರ ನೋಡಿಬಿಡುತ್ತೇನೆ. ಆದರೂ ಟೂರ್ನಿಗಳಲ್ಲಿ ಒಂದು ಕಾಲಾಳು ಹೆಚ್ಚಿದ್ದ ಆನೆಯ ಎಂಡ್‌ಗೇಮ್‌ಗಳು ಡ್ರಾ ಆಗುತ್ತಲೇ ಇವೆ. ಎಂದೂ ಬಾರದ ಸ್ಥಿತಿಗಳಿಗಾಗಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥವೇ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ವ್ಯರ್ಥವಲ್ಲ. ಆದರೆ ಒಂದು ಅಭ್ಯಾಸದಿಂದ ಸಿಗಬೇಕಾದ ಫಲವನ್ನು ನೀವು ಇನ್ನೊಂದರಿಂದ ನಿರೀಕ್ಷಿಸುತ್ತಿದ್ದೀರಿ. ಆನೆಯ ಎಂಡ್‌ಗೇಮ್‌ಗೆ ಮೊದಲು ಬೇಕಾದದ್ದು ಕೆಲವು ಸ್ಥಿತಿಗಳ ಖಚಿತ ತಿಳಿವಳಿಕೆ. ನಿಮ್ಮ ಕಾಲಾಳು ಏಳನೆಯ ಸಾಲಿನಲ್ಲಿದ್ದು, ಅದರ ಮುಂದಿನ ಮನೆಯಲ್ಲಿ ನಿಮ್ಮ ರಾಜನಿದ್ದು, ಎದುರಾಳಿಯ ರಾಜ ಹತ್ತಿರ ಬಾರದಂತೆ ನಿಮ್ಮ ಆನೆ ತಡೆದಿದ್ದರೆ, ಆ ಆನೆಯನ್ನು ನಾಲ್ಕನೆಯ ಸಾಲಿಗೆ ತಂದು, ರಾಜ ಹೊರಬಂದಾಗ ಬೀಳುವ ಚೆಕ್ಕುಗಳಿಗೆ ಅದನ್ನೇ ಅಡ್ಡ ಇಡುವುದು ಲೂಸೆನಾ ಸ್ಥಿತಿಯ ಗೆಲುವಿನ ದಾರಿ; ಅಂಚಿನ ಕಾಲಾಳಾದರೆ ಮಾತು ಬೇರೆ. ಫಿಲಿಡೋರ್ ಸ್ಥಿತಿ ಎದುರಾಳಿಯ ರಕ್ಷಣೆ: ಅವನ ರಾಜ ನಿಮ್ಮ ಕಾಲಾಳಿನ ಹಾದಿಯಲ್ಲೇ ನಿಂತಿದ್ದು, ನಿಮ್ಮ ಕಡೆಯಿಂದ ಎಣಿಸಿದರೆ ಆರನೆಯ ಸಾಲನ್ನು ಅವನ ಆನೆ ಕಾಯುತ್ತದೆ, ಕಾಲಾಳು ಆರಕ್ಕೆ ಬಂದ ಕೂಡಲೇ ಹಲಗೆಯ ಇನ್ನೊಂದು ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡುತ್ತದೆ. ನೀವು ಡ್ರಾ ಮಾಡಿಕೊಂಡ ಆಟಗಳನ್ನು ತೆಗೆದು ನೋಡಿ. ಎದುರಾಳಿ ಈ ರಕ್ಷಣೆಗೆ ತಲುಪುವುದನ್ನು ನೀವು ತಡೆಯಬಹುದಾಗಿದ್ದ ನಡೆ ಯಾವುದೆಂದು ಹುಡುಕಿ. ಒಂದು ಕಾಲಾಳು ಹೆಚ್ಚಿದ್ದರೂ ಇಂಥ ಎಷ್ಟೋ ಆಟಗಳು ನ್ಯಾಯವಾಗಿ ಡ್ರಾವೇ ಎಂಬುದೂ ಗಮನದಲ್ಲಿರಲಿ.

ಸ್ಟಡಿಗಳು ಕಲಿಸುವುದು ಲೆಕ್ಕಾಚಾರವನ್ನು ಮತ್ತು ಕಲ್ಪನೆಯನ್ನು. ಚೆಸ್ ಆಟಗಾರ ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸ್ಟಡಿಯನ್ನೇ ಹಲಗೆಯ ಮೇಲೆ ಜೋಡಿಸಿ (ಅಕ್ಷರ ಉದ್ದ ಸಾಲಿನದು, ಅಂಕಿ ಅಡ್ಡ ಸಾಲಿನದು): ಬಿಳಿಯ ರಾಜ ಎಚ್8ರಲ್ಲಿ, ಕಾಲಾಳು ಸಿ6ರಲ್ಲಿ, ಕಪ್ಪು ರಾಜ ಎ6ರಲ್ಲಿ, ಕಾಲಾಳು ಎಚ್5ರಲ್ಲಿ. ನಡೆ ಬಿಳಿಯದು, ಡ್ರಾ ಮಾಡಬೇಕು. ಎದುರಾಳಿಯ ಕಾಲಾಳನ್ನು ನೇರವಾಗಿ ಬೆನ್ನಟ್ಟಿದರೆ ಅದು ಸಿಗುವುದಿಲ್ಲ. ತನ್ನ ಕಾಲಾಳಿನ ನೆರವಿಗೆ ಹೋಗಲೂ ಹೊತ್ತು ಸಾಲದು. ಆದರೆ ರಾಜ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿದರೆ ಎರಡು ಗುರಿಗಳೂ ಒಟ್ಟೊಟ್ಟಿಗೆ ಹತ್ತಿರವಾಗುತ್ತವೆ. ಕಪ್ಪು ರಾಜ ಬಿ6ಕ್ಕೆ ಬಂದು ಸಿ6ರ ಕಾಲಾಳನ್ನು ಹೊಡೆದರೆ ಬಿಳಿಯ ರಾಜ ಎಫ್4ಕ್ಕೆ ಬಂದು ಎಚ್ ಸಾಲಿನ ಕಾಲಾಳನ್ನು ಹಿಡಿಯುತ್ತಾನೆ. ಹೊಡೆಯದೆ ತನ್ನ ಕಾಲಾಳನ್ನೇ ಓಡಿಸಿದರೆ ಬಿಳಿಯ ರಾಜ ಡಿ6ಕ್ಕೆ ಹೋಗುತ್ತಾನೆ, ಎರಡೂ ಕಡೆ ಮಂತ್ರಿಗಳು ಹುಟ್ಟುತ್ತವೆ. ಇದೇ ಸ್ಥಿತಿ ನಿಮಗೆ ಎದುರಾಗಲಿಕ್ಕಿಲ್ಲ, ಆದರೆ ಒಂದು ಹೆಜ್ಜೆಯಲ್ಲಿ ಎರಡು ಕೆಲಸ ಸಾಧಿಸುವ ರಾಜನ ನಡಿಗೆ ಕಾಲಾಳುಗಳ ಎಂಡ್‌ಗೇಮ್‌ನಲ್ಲಿ ಮತ್ತೆ ಮತ್ತೆ ಬೇಕಾಗುತ್ತದೆ.

ಇದು ಮೈಗೂಡಬೇಕಾದರೆ ಕಾಯಿಗಳನ್ನು ಮುಟ್ಟದೆ ಬಿಡಿಸಬೇಕು, ಎದುರಾಳಿಯ ಅತ್ಯುತ್ತಮ ಉತ್ತರವನ್ನೂ ಸೇರಿಸಿ ನಡೆಗಳ ಪೂರ್ತಿ ಸರಣಿಯನ್ನು ಬರೆದಿಟ್ಟ ಮೇಲಷ್ಟೇ ಎಂಜಿನ್ ತೆರೆಯಬೇಕು. ಸಿಕ್ಕ ಮೊದಲ ಉತ್ತರಕ್ಕೇ ನಿಲ್ಲಬೇಡಿ. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಡ್ರಾ ಎಂದು ಅಚ್ಚಾಗಿದ್ದ ಸ್ಥಿತಿಯೊಂದರಲ್ಲಿ, ಕಾಲಾಳನ್ನು ಮಂತ್ರಿಯಾಗಿಸದೆ ಆನೆಯಾಗಿಸಿದರೆ, ಚೆಕ್ ಇಲ್ಲದೆಯೂ ಎದುರಾಳಿಗೆ ನಡೆಯೇ ಉಳಿಯದೆ ಡ್ರಾ ಆಗುವ ಸ್ಟೇಲ್‌ಮೇಟ್ ತಪ್ಪಿ ಬಿಳಿ ಗೆಲ್ಲುತ್ತದೆಂದು ತೋರಿಸಿದವರು ಫರ್ನಾಂಡೊ ಸಾವೆದ್ರಾ ಎಂಬ ಪಾದ್ರಿ. ಅಂಕಣ ಬರೆಯುವವರು ಈ ಪ್ರಸಂಗವನ್ನು ಮರೆಯಬಾರದು.

ಪ್ರಶ್ನೆ: ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳ ಫಲಿತಾಂಶವನ್ನೂ ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿಟ್ಟ ಕೋಶವಾದ ಟೇಬಲ್‌ಬೇಸ್ ಹೇಳುವಾಗ ನಾವು ಬಿಡಿಸುವುದೇಕೆ?
— ಓದುಗರೊಬ್ಬರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಟೇಬಲ್‌ಬೇಸ್ ಗೆಲುವೋ ಡ್ರಾವೋ ಎಂದು ಹೇಳುತ್ತದೆ, ಕಾರಣ ಹೇಳುವುದಿಲ್ಲ, ಟೂರ್ನಿಯಲ್ಲಿ ಅದು ನಿಮ್ಮ ಪಕ್ಕದಲ್ಲೂ ಇರುವುದಿಲ್ಲ. ಅದನ್ನು ತಾಳೆ ನೋಡಲು ಬಳಸಿ. ನೀವು ಬೇಡವೆಂದು ಕೈಬಿಟ್ಟ ನಡೆಯನ್ನು ಅಲ್ಲಿ ಇಟ್ಟು ನೋಡಿ, ಅದೂ ಗೆಲ್ಲುವ ನಡೆಯೇ ಆಗಿದ್ದರೆ ನಿಮ್ಮ ಲೆಕ್ಕ ಎಲ್ಲಿ ನಿಂತಿತೆಂದು ಹುಡುಕಿ.