ಒಂದೇ ನದಿ, ಒಂದು ಸರೋವರ ಸಿಹಿ, ಇನ್ನೊಂದು ಉಪ್ಪು ಯಾಕೆ?

ಪ್ರಶ್ನೆ: ಕಜಾಕಿಸ್ತಾನದ ಸ್ಟೆಪ್ಪಿ ಹುಲ್ಲುಗಾವಲಿನಲ್ಲಿ ಕೊರ್ಗಲ್ಜಿನ್, ತೆಂಗಿಜ್ ಅಂತ ಎರಡು ಸರೋವರಗಳು ಅಕ್ಕಪಕ್ಕದಲ್ಲೇ ಇವೆಯಂತೆ. ಎರಡಕ್ಕೂ ನೂರಾ ನದಿಯ ನೀರೇ ಬರುತ್ತದಂತೆ. ಆದರೂ ಮೊದಲನೆಯದು ಸಿಹಿ, ಎರಡನೆಯದು ಉಪ್ಪು. ಹೇಗೆ? ಉಪ್ಪುನೀರಿನಲ್ಲಿ ಜೀವ ಏನಾದರೂ ಇರುತ್ತಾ?

ಉತ್ತರ: ಕೊರ್ಗಲ್ಜಿನ್‌ಗೆ ಕೋಡಿ ಇದೆ, ತೆಂಗಿಜ್‌ಗೆ ಇಲ್ಲ. ವಿಷಯ ಇಷ್ಟೇ, ಆದರೆ ಇದರ ಹಿಂದಿನ ಭೂಗೋಳ ತುಂಬ ಚೆಂದ.

ನೂರಾ ನದಿ ಪೂರ್ವದ ಗುಡ್ಡಗಳಲ್ಲಿ ಹುಟ್ಟಿ, ರಾಜಧಾನಿ ಅಸ್ತಾನಾದ ದಕ್ಷಿಣಕ್ಕೆ ಹಾದು, ಹೆಚ್ಚುಕಮ್ಮಿ ಸಾವಿರ ಕಿಲೋಮೀಟರ್ ಹರಿಯುತ್ತದೆ. ದಾರಿಯುದ್ದಕ್ಕೂ ಕಲ್ಲು ಮಣ್ಣು ತೊಳೆದುಕೊಂಡು ಬರುತ್ತದಲ್ವಾ, ಹಾಗಾಗಿ ನಾವು ಸಿಹಿನೀರು ಅನ್ನುವ ನದಿಯಲ್ಲೂ ಚೂರು ಉಪ್ಪು ಇದ್ದೇ ಇರುತ್ತದೆ. ಕೊರ್ಗಲ್ಜಿನ್‌ಗೆ ಬಂದ ಈ ಉಪ್ಪು ಅಲ್ಲಿ ನಿಲ್ಲುವುದಿಲ್ಲ, ನೀರಿನ ಜೊತೆಗೇ ಮುಂದಕ್ಕೆ ಹೋಗುತ್ತದೆ. ಮುಂದೆ ಇರುವುದು ತೆಂಗಿಜ್. ಅದು ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ, ಅಲ್ಲಿಂದಾಚೆ ನೀರಿಗೆ ದಾರಿಯೇ ಇಲ್ಲ. ಸಮುದ್ರ ಮುಟ್ಟದೆ ನದಿ ಅಲ್ಲಿಗೇ ಮುಗಿಯುತ್ತದೆ.

ಈಗ ಬಿಸಿಲು, ಗಾಳಿಯ ಲೆಕ್ಕ ನೋಡಿ. ಅಲ್ಲಿ ಮಳೆ, ಹಿಮ ಎರಡೂ ಸೇರಿದರೂ ವರ್ಷಕ್ಕೆ ಸುಮಾರು 300 ಮಿಲಿಮೀಟರ್, ಆದರೆ ಬಯಲಿನ ಸರೋವರದಿಂದ ಆವಿಯಾಗಿ ಹೋಗುವ ನೀರು ಅದಕ್ಕಿಂತ ಬಹಳ ಜಾಸ್ತಿ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಸಾರು ಕುದ್ದು ಕುದ್ದು ಬತ್ತಿದರೆ ಬಾಯಿಗಿಡಲು ಆಗುವುದಿಲ್ಲವಲ್ಲ, ಹಾಗೆ. ಸಾವಿರಾರು ವರ್ಷ ಇದೇ ನಡೆದಿದೆ.

ಸರೋವರದ ಎಲ್ಲ ಕಡೆ ಉಪ್ಪು ಒಂದೇ ಸಮ ಇರುವುದಿಲ್ಲ. ನದಿ ಬಂದು ಸೇರುವಲ್ಲಿ ಕಡಿಮೆ, ದೂರ ಹೋದಂತೆ ಹೆಚ್ಚು. ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ, ಯಾಕೆಂದರೆ ನೂರಾದ ನೀರಿನ ಬಹುಪಾಲು ವಸಂತದಲ್ಲಿ ಹಿಮ ಕರಗಿದಾಗ ಒಮ್ಮೆಗೇ ನುಗ್ಗುತ್ತದೆ, ಹಿಮ ಕಡಿಮೆ ಬಿದ್ದ ವರ್ಷ ಸರೋವರವೂ ಕುಗ್ಗುತ್ತದೆ. ನೀರು ತುಂಬಿದಾಗ ತೆಂಗಿಜ್ 1,500 ಚದರ ಕಿಲೋಮೀಟರ್ ದಾಟಿ ಹರಡುತ್ತದೆ. ಇಷ್ಟು ಅಗಲ ಇದ್ದರೂ ಆಳ ಮಾತ್ರ ಕೆಲವೇ ಮೀಟರ್, ಹಾಗಾಗಿ ಸ್ವಲ್ಪ ನೀರು ಇಳಿದರೂ ದಡ ಬಹಳ ದೂರ ಹಿಂದೆ ಸರಿಯುತ್ತದೆ.

ಜೀವದ ವಿಷಯ ಕೇಳಿದಿರಿ. ಧಾರಾಳವಾಗಿದೆ! ಮೀನು ಬದುಕಲಾರದಷ್ಟು ಉಪ್ಪಿರುವ ಕಡೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ ನೆಮ್ಮದಿಯಾಗಿ ಬೆಳೆಯುತ್ತದೆ. ಅದನ್ನು ತಿನ್ನಲು ಫ್ಲೆಮಿಂಗೊಗಳು ಸಾವಿರಗಟ್ಟಲೆ ಬರುತ್ತವೆ, ತಗ್ಗು ದ್ವೀಪಗಳಲ್ಲಿ ಕೆಸರಿನ ಗೂಡು ಕಟ್ಟಿ ಮರಿ ಮಾಡುತ್ತವೆ. ಜಗತ್ತಿನಲ್ಲಿ ಅವು ಗೂಡು ಕಟ್ಟುವ ಅತ್ಯಂತ ಉತ್ತರದ ಜಾಗಗಳಲ್ಲಿ ಇದೂ ಒಂದು. ಚಳಿಗಾಲಕ್ಕೆ ಸರೋವರ ಹೆಪ್ಪುಗಟ್ಟುವ ಮೊದಲೇ ಕ್ಯಾಸ್ಪಿಯನ್ ತೀರ, ಇರಾನ್ ಕಡೆಗೆ ಹಾರುತ್ತವೆ.

2008ರಲ್ಲಿ ಈ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಒಳ್ಳೆಯದೇ ಆಯಿತು. ಆದರೆ ಸರೋವರವನ್ನಷ್ಟೇ ಕಾದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಮೇಲೆ ನೂರಾ ಹರಿಯುವ ದಾರಿಯಲ್ಲಿ ತೆಮಿರ್ತಾವ್‌ನಂಥ ಕೈಗಾರಿಕಾ ಊರುಗಳಿವೆ, ಅಲ್ಲಿನ ಹಳೆಯ ಕಾರ್ಖಾನೆಯೊಂದರ ಪಾದರಸ ನದಿಗೆ ಸೇರಿ, ಅದನ್ನು ತೆಗೆಯಲು ದೊಡ್ಡ ಯೋಜನೆಯೇ ಬೇಕಾಯಿತು. ನದಿಯಲ್ಲಿ ಏನು ಬಿಟ್ಟರೂ ಅದು ಕೊನೆಗೆ ಬಂದು ನಿಲ್ಲುವುದು ಕೋಡಿಯಿಲ್ಲದ ಆ ತಗ್ಗಿನ ಕಡೆಗೇ.