ಆಸ್ತಿ ಜಗಳದ ರಾತ್ರಿ, 20 ಅಂಶಗಳ ಸೈಕೋಪಾತ್ ಪ್ರಶ್ನಾವಳಿಯೊಂದನ್ನು ಅಣ್ಣನ ಪರವಾಗಿ ನಾನೇ ತುಂಬಿದೆ. ಅದರಲ್ಲಿ ಅಣ್ಣನಿಗೆ 40ಕ್ಕೆ 31 ಬಂದರೆ ಅವರು ಸೈಕೋಪಾತ್ ಅಂತಲಾ?

ಅಷ್ಟರಿಂದ ಹಾಗೆ ಹೇಳಲಾಗದು, ಯಾಕಂದ್ರೆ ಅಣ್ಣನ ಪರವಾಗಿ ನೀವೇ, ಅದೂ ಆಸ್ತಿ ಜಗಳದ ರಾತ್ರಿ, ಉತ್ತರ ತುಂಬಿದ್ದೀರಿ. 20 ಅಂಶ, ಒಂದೊಂದಕ್ಕೆ 0, 1 ಅಥವಾ 2 ಅಂದರೆ ಅದು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಅವರ ಪಿಸಿಎಲ್-ಆರ್‌ನ, ಅಂದರೆ ಸೈಕೋಪಾತ್ ಲಕ್ಷಣಗಳನ್ನು ಅಳೆಯಲು ತಜ್ಞರು ಬಳಸುವ ಪಟ್ಟಿಯ, ನಕಲು. ಸೈಕೋಪಾತ್ ಅನ್ನಲು ಅಮೆರಿಕದಲ್ಲಿ ಸಾಮಾನ್ಯವಾಗಿ 30ಕ್ಕೆ ಗೆರೆ ಎಳೆಯುತ್ತಾರೆ, ಬ್ರಿಟನ್ನಿನಲ್ಲಿ ಹೆಚ್ಚಾಗಿ 25ಕ್ಕೆ. ಆದರೆ ಅಂಕ ಕೊಡುವವರು ತರಬೇತಿ ಪಡೆದವರು. ಆ ವ್ಯಕ್ತಿಯ ಜೊತೆ ದೀರ್ಘವಾಗಿ ಮಾತಾಡಿ, ಹೇಳಿದ್ದನ್ನು ಪೊಲೀಸ್, ಶಾಲೆ, ಕೆಲಸದ ದಾಖಲೆಗಳ ಜೊತೆ ತಾಳೆ ನೋಡುತ್ತಾರೆ. ಸಲೀಸಾಗಿ ಸುಳ್ಳು ಹೇಳುವುದೇ ಒಂದು ಲಕ್ಷಣ ಅಲ್ವಾ, ಬರೀ ಮಾತು ನಂಬೋಕಾಗಲ್ಲ. ‘ಪಶ್ಚಾತ್ತಾಪವಿಲ್ಲ’ ಅನ್ನುವುದಕ್ಕೆ 2 ಕೊಡಲು, ಒಮ್ಮೆ ಸಾರಿ ಕೇಳಲಿಲ್ಲ ಅನ್ನುವುದು ಸಾಲದು. ಮನೆ, ಕೆಲಸ, ಸ್ನೇಹ, ಬಹುತೇಕ ಕಡೆ ವರ್ಷಗಟ್ಟಲೆ ಹಾಗೇ ನಡೆದುಕೊಂಡಿರಬೇಕು.

ಮೊದಲು ಆ ಅಂಕ ಬದಿಗಿಡಿ. ಅಣ್ಣನ ಮುಂದೆ ಎತ್ತಲೇಬೇಡಿ, ಜಗಳ ಜಾಸ್ತಿಯಾಗುತ್ತೆ ಅಷ್ಟೇ. ಆಮೇಲೆ ನಡೆದದ್ದನ್ನು ತಾರೀಕಿನ ಸಮೇತ ಬರೆಯಿರಿ: ಏನು ಹೇಳಿದರು, ಏನು ಮಾಡಿದರು. ಅಣ್ಣ 15 ವರ್ಷ ವಯಸ್ಸಾಗುವ ಮುಂಚೆ ಹೇಗಿದ್ದರು ಅಂತ ಅಮ್ಮನನ್ನು ಕೇಳಿ ಸೇರಿಸಿ. ಸಮಾಜವಿರೋಧಿ ವ್ಯಕ್ತಿತ್ವ ದೋಷ (ಸೈಕೋಪಾತ್ ಲಕ್ಷಣಗಳಿಗೆ ಹತ್ತಿರವಾದ, ವೈದ್ಯರು ಗುರುತಿಸುವ ತೊಂದರೆ) ಇದೆಯಾ ಅಂತ ನೋಡುವಾಗ ಅದು ಬೇಕೇ ಬೇಕು. ಅದನ್ನು ಹಿಡಿದು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ. ಅಣ್ಣ ಬರದಿದ್ದರೆ ಅವರ ಬಗ್ಗೆ ತೀರ್ಮಾನ ಸಿಗುವುದಿಲ್ಲ, ಆದರೆ ನೀವು ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ದಾರಿ ಸಿಗುತ್ತದೆ. ಕುಡಿತ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಕೂಡ ಕೆಲವೊಮ್ಮೆ ಹೀಗೇ ಕಾಣುತ್ತವೆ. ನಿಮ್ಮ ಮನೆಯಲ್ಲಿ ಯಾವುದು ಅಂತ ಇಲ್ಲಿಂದ ಹೇಳಲಾರೆ.

ಹೊಡೆತ, ಬೆದರಿಕೆ ಇದ್ದರೆ ಇದ್ಯಾವುದಕ್ಕೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಸುಮ್ನೆ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.